ಗಂಗಾಧರಯ್ಯನವರ ಹೊಳೆಬೂಟು

ಗಂಗಾಧರಯ್ಯನವರಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಬಿಟಿಎಂ ಲೇಔಟಿನ ಅವರ ಬೀದಿಯವರು ಹೇಳುವುದು ಪೂರ್ತಿ ಸರಿಯಲ್ಲ. ತುದಿಯಲ್ಲಿದ್ದಿದ್ದರೆ ಒಮ್ಮೊಮ್ಮೆಯಾದರೂ ಉದುರಿ ಬೀಳುತ್ತಿತ್ತು. ನೀರಿನ ಟ್ಯಾಂಕರಿನವನು ಗೇಟಿಗೆ ಅಡ್ಡ ನಿಲ್ಲಿಸಿದರೆ ಕೋಪ, ಪಿಜಿ ಹುಡುಗರು ರಂಗೋಲಿಯ ಮೇಲೆ ಬೈಕ್ ಹತ್ತಿಸಿದರೆ ಕೋಪ, ಯಾರೂ ಏನೂ ಮಾಡದಿದ್ದರೆ ಇವರ್ಯಾಕೆ ಸುಮ್ಮನಿದ್ದಾರೆ ಎಂದು ಕೋಪ. ಹೀಗೆ ಕಂಡಕಂಡವರ ಮೇಲೆಲ್ಲ ರೇಗಿ ಅಭ್ಯಾಸವಾದ ಮನುಷ್ಯ ತಮ್ಮ ಬದುಕಿನ ಅತಿ ದೊಡ್ಡ ಜಗಳವನ್ನು ಆಡಿದ್ದು ಒಂದು ಜೊತೆ ಬೂಟಿಗಾಗಿ. ಮತ್ತು ಆ ಜಗಳದಲ್ಲಿ ನ್ಯಾಯ ಮುಕ್ಕಾಲು ಪಾಲು ಅವರ ಕಡೆಗೇ ಇತ್ತು ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ.

ಅವರ ಕಾಲು ನೋಡಬೇಕಿತ್ತು ನೀವು. ಲೇಔಟು ಬರುವ ಮೊದಲು ಅಲ್ಲಿ ಅವರಪ್ಪನ ರಾಗಿ ಹೊಲವಿತ್ತು, ಹೀರೇಕಾಯಿ ಚಪ್ಪರವಿತ್ತು. ಹುಡುಗ ಗಂಗಾಧರ ಬರಿಗಾಲಲ್ಲೇ ಬೆಳೆದವನು. ಮಡಿವಾಳದ ಕೆರೆಯಲ್ಲಿ ಸೊಂಟದವರೆಗೆ ಇಳಿದು ಬಿದಿರು ಗಾಳದಲ್ಲಿ ಗಿರಲು, ಕುಚ್ಚು ಮೀನು ಹಿಡಿದು ತಂದರೆ ಮನೆಯಲ್ಲಿ ಸಾರು. ಬೆರಳುಗಳು ಒಂದಕ್ಕೊಂದು ಮುನಿಸಿಕೊಂಡ ದಾಯಾದಿಗಳ ಹಾಗೆ ದೂರದೂರ ಹರಡಿದ, ಮೊರದಗಲದ ಪಾದಗಳು. ಜಾಲಿಮುಳ್ಳು ಚುಚ್ಚಿದರೆ ಮುಳ್ಳೇ ಮುರಿಯುತ್ತಿತ್ತು ಎಂದು ಅವರು ಹೇಳಿಕೊಳ್ಳುತ್ತಿದ್ದರು. ಮೂರಂತಸ್ತಿನ ಕಟ್ಟಡ ಎದ್ದು, ಬಾಡಿಗೆಯವರು ಬಂದು, ತಲೆ ನರೆತ ಮೇಲೂ ಅವರಿಗೆ ತಮ್ಮ ಆಸ್ತಿಯ ಬಗ್ಗೆ ಇದ್ದದ್ದಕ್ಕಿಂತ ಹೆಚ್ಚು ಹೆಮ್ಮೆ ಕಾಲಿನ ಬಗ್ಗೆ ಇತ್ತು.

ಕೆರೆಗೆ ಬೇಲಿ ಬಿದ್ದ ಮೇಲೆ ಬಿಟ್ಟುಹೋಗಿದ್ದ ಮೀನಿನ ಹುಚ್ಚನ್ನು ಮತ್ತೆ ಹತ್ತಿಸಿದವನು ಎರಡನೇ ಮಹಡಿಯ ಸಂಗಮೇಶ. ಬಾಗಲಕೋಟೆ ಕಡೆಯವನು, ಹತ್ತಿರದ ಒಂದು ಆಫೀಸಿನಲ್ಲಿ ಕೆಲಸ. ಆಫೀಸಿನ ಗೆಳೆಯರ ಜೊತೆ ಸೇರಿ ಫ್ಲೈ ಫಿಶಿಂಗ್ ಕಲಿತಿದ್ದ. ಗಾಳಕ್ಕೆ ಎರೆಹುಳ ಇಲ್ಲ. ಕೋಳಿ ಪುಕ್ಕ, ದಾರ ಸುತ್ತಿ ನೊಣದಂತೆ ಮಾಡಿ, ಚಾಟಿ ಬೀಸಿದ ಹಾಗೆ ದಾರ ಬೀಸಿ, ಅದನ್ನು ನೀರಿನ ಮೇಲೆ ನೊಣ ಕೂತಂತೆ ಕೂರಿಸಬೇಕು. ಮೊಣಕಾಲುದ್ದದ ಹರಿಯುವ ನೀರಿನಲ್ಲಿ ಗಂಟೆಗಟ್ಟಲೆ ನಿಂತಿರಬೇಕು. ಸಿಕ್ಕ ಮೀನನ್ನು ಬಿಟ್ಟುಬಿಡಬೇಕು. "ಬಿಟ್ ಬರೋಕೆ ಅಲ್ಲೀವರ್ಗೂ ಹೋಗ್ಬೇಕಾ?" ಎಂದು ಗಂಗಾಧರಯ್ಯನವರ ಹೆಂಡತಿ ಗೌರಮ್ಮ ಮೊದಲ ಸಲ ಉಗಿದು ಉಪ್ಪಿನಕಾಯಿ ಹಾಕಿದ್ದರು. ಎರಡನೇ ಸಲ ಹಾಕಲಿಲ್ಲ. ಏಕೆಂದರೆ ಕೊಡಗಿನ ಹೊಳೆಯಿಂದ ಮೀನು ಹಿಡಿಯುವ ಪರ್ಮಿಟ್ಟಿನ ದಿನ ಮುಗಿಸಿ ಬಂದ ಗಂಡ ಒಂದು ವಾರ ಯಾರ ಮೇಲೂ ಕೂಗಾಡಲಿಲ್ಲ. ಟ್ಯಾಂಕರಿನವನಿಗೆ ಕಾಫಿ ಕೊಡಿಸಿದರು ಎಂದರೆ ನೀವು ನಂಬುವುದಿಲ್ಲ. ಮದುವೆಯಾದಾಗಿನಿಂದ ಗೌರಮ್ಮ ಹೊತ್ತ ಹರಕೆಗಳು ಮಾಡದ ಕೆಲಸವನ್ನು ಆ ಹೊಳೆ ಮಾಡಿತ್ತು.

ಅಷ್ಟರಲ್ಲಿ ಶುಗರ್ ತನ್ನ ಬುದ್ಧಿ ತೋರಿಸಿತು. ಚಪ್ಪಲಿಯೊಳಗೆ ಸೇರಿಕೊಂಡ ಒಂದು ಜಲ್ಲಿಕಲ್ಲನ್ನು ಮೆಟ್ಟಿಕೊಂಡೇ ಗಂಗಾಧರಯ್ಯ ಇಡೀ ದಿನ ಓಡಾಡಿದರು. ಗೊತ್ತೇ ಆಗಲಿಲ್ಲ. ಗೊತ್ತಾಗುವ ಹೊತ್ತಿಗೆ ಗಾಯ ಕೊಳೆತು, ಎಡಗಾಲಿನ ಕಿರುಬೆರಳನ್ನು ತೆಗೆಯಬೇಕಾಯಿತು. ಆಮೇಲೆ ಡಾಕ್ಟರು ಅವರಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಪಾದಕ್ಕೆ ಸಣ್ಣ ತಂತಿ ಮುಟ್ಟಿಸುತ್ತ "ಈಗ? ಈಗ?" ಎಂದು ಕೇಳಿದರು. ಗಂಗಾಧರಯ್ಯ ಅಂದಾಜಿನ ಮೇಲೆ "ಹ್ಞೂಂ, ಹ್ಞೂಂ" ಎನ್ನುತ್ತ ಹೋದರು. ಡಾಕ್ಟರು ತಂತಿಯನ್ನು ಪಕ್ಕಕ್ಕಿಟ್ಟ ಮೇಲೂ ಹ್ಞೂಂ ಎಂದರು. ಮನೆಗೆ ಬಂದು ಹೇಳಿದ್ದು ಮಾತ್ರ "ಸ್ವಲ್ಪ ಜೋಮು ಅಂತೆ" ಎಂದು.

"ಹೊಳೆ ಗಿಳೆ ಇನ್ನು ಮರ್ತುಬಿಡಿ," ಎಂದಿದ್ದರು ಡಾಕ್ಟರು. ಗಂಗಾಧರಯ್ಯ ಆಸ್ಪತ್ರೆಯ ಛಾವಣಿ ಹಾರುವಂತೆ ಕೂಗಾಡಿದ ಮೇಲೆ ಡಾಕ್ಟರು ಒಂದು ಮೆಟ್ಟಿಲು ಇಳಿದರು. ಕಾಲಿಗೆ ಸರಿಯಾಗಿ ಹೊಂದುವ ಬೂಟು ಸಿಕ್ಕರೆ, ದಡದ ಹತ್ತಿರ ಮಾತ್ರ, ಬಂದ ತಕ್ಷಣ ಕಾಲು ಪರೀಕ್ಷೆ ಮಾಡಿಕೊಂಡರೆ ಹೋಗಬಹುದು. ಬೂಟು ಕಚ್ಚಿ ಇನ್ನೊಂದು ಗಾಯವಾದರೆ ಮುಂದಿನದು ಬೆರಳಲ್ಲ, ಕಾಲೇ. ಅಷ್ಟು ಹೇಳಿ, ನೋವು ಗೊತ್ತಾಗದ ಕಾಲಿಗೆ ಬೂಟು ಆರಿಸುವುದು ಸುಲಭವಲ್ಲ ಎಂದೂ ಸೇರಿಸಿದರು.

"ನನ್ ಕಾಲು ನನಗೆ ಗೊತ್ತಾಗಲ್ವಾ?" ಎಂದು ಗಂಗಾಧರಯ್ಯ ಆಟೋದಲ್ಲಿ ಮನೆ ಮುಟ್ಟುವವರೆಗೂ ಹಾರಾಡಿದರು.

ಇನ್ನು ಅಂಗಡಿಗಳ ವಿಷಯ. ಜಯನಗರದಲ್ಲಿ ಚಪ್ಪಲಿ ಅಂಗಡಿಗೆ ಬರವೇ? ಮದುವೆಗೊಂದು, ಜಾಗಿಂಗಿಗೊಂದು, ಸೀರೆಯ ಬಣ್ಣಕ್ಕೊಂದು. ಹೊಳೆಗಿಳಿಯುವ ಬೂಟು ಕೊಡಿ ಎಂದರೆ ಗಾರೆ ಕೆಲಸದವರ ಗಂಬೂಟು ತಂದಿಟ್ಟರು. ಅದರೊಳಗೆ ನೀರು ನುಗ್ಗಿದರೆ ಮನುಷ್ಯ ಕೊಡಪಾನವಾಗುತ್ತಾನೆ, ಪಾಚಿ ಬಂಡೆಯ ಮೇಲೆ ಜಾರಿ ಅಡ್ಡಬೀಳುತ್ತಾನೆ. ಇನ್ನೊಬ್ಬ ಚರ್ಮದ ಬೂಟು ತೋರಿಸಿದ. ನೆಂದು ಒಣಗಿದರೆ ಹಪ್ಪಳದಂತೆ ಸೆಟೆದುಕೊಳ್ಳುತ್ತದೆ ಎಂದು ಜೊತೆಗೆ ಬಂದಿದ್ದ ಸಂಗಮೇಶನೇ ಬೇಡವೆಂದ. ಕೊನೆಗೆ ಜೆಪಿ ನಗರದಲ್ಲಿ ಟ್ರೆಕ್ಕಿಂಗ್ ಸಾಮಾನಿನ ಒಂದು ಅಂಗಡಿಯಲ್ಲಿ ನಿಜವಾದ ಸರಕು ಸಿಕ್ಕಿತು. ನೀರು ಹೊರಗೆ ಹೋಗಲು ಪಕ್ಕದಲ್ಲಿ ತೂತುಗಳು, ಕಣಕಾಲು ಹಿಡಿದು ನಿಲ್ಲಿಸುವ ಎತ್ತರ, ಬಂಡೆ ಕಚ್ಚುವ ಒರಟು ರಬ್ಬರಿನ ಅಟ್ಟೆ, ಕಿತ್ತುಹೋಗದ ಗಟ್ಟಿ ಹೊಲಿಗೆ. ಎಲ್ಲ ಸರಿ. ಆದರೆ ಈ ಬೂಟು ಮಾಡುವ ಮಹಾನುಭಾವರು ಯಾರ ಕಾಲು ನೋಡಿ ಅಚ್ಚು ಹಾಕುತ್ತಾರೋ! ಮುಂದೆ ಬರುತ್ತಾ ಬರುತ್ತಾ ದೋಣಿಯ ಮೂತಿ. ಹುಟ್ಟಿದಾಗಿನಿಂದ ನೆಲ ಮೆಟ್ಟಿ ಅಗಲವಾದ ಪಾದಗಳೂ ಈ ಭೂಮಿಯ ಮೇಲಿವೆ, ಅವಕ್ಕೂ ಹೊಳೆಗಿಳಿಯುವ ಆಸೆ ಇರುತ್ತದೆ ಎಂದು ಅವರಿಗೆ ಯಾರೂ ಹೇಳಿಲ್ಲ. ಕೇಳಿದರೆ "ಹಾಕ್ತಾ ಹಾಕ್ತಾ ಲೂಸಾಗತ್ತೆ ಸಾರ್" ಎನ್ನುತ್ತಾರೆ. ಬೂಟು ಲೂಸಾಗುವವರೆಗೆ ಕಾಲು ಏನಾಗಬೇಕು?

"ಒಂದ್ ಸೈಜ್ ದೊಡ್ಡದ್ ತಗೋರಿ ಅಂಕಲ್. ಒಳಗ ರಬ್ಬರಿನ ದಪ್ಪ ಸಾಕ್ಸ್ ಬರ್ತಾವ," ಎಂದ ಸಂಗಮೇಶ.

"ನಂದು ಒಂಬತ್ತು. ನಮ್ಮಪ್ಪಂದೂ ಒಂಬತ್ತೇ," ಎಂದು ಗಂಗಾಧರಯ್ಯ ಅವನ ಬಾಯಿ ಮುಚ್ಚಿಸಿದರು.

ಅಂಗಡಿಯ ಯುವಕ, ಶರ್ಟಿನ ಮೇಲೆ ನಿಂಗರಾಜ ಎಂದು ಹೆಸರಿದ್ದವನು, ಲೇಸು ಬಿಗಿದು ಕೇಳಿದ: "ಕಂಫರ್ಟಬಲ್ಲಾ ಸಾರ್?"

ಗಂಗಾಧರಯ್ಯ ನಾಲ್ಕು ಹೆಜ್ಜೆ ಹಾಕಿದರು. ಎಲ್ಲೂ ಒತ್ತಲಿಲ್ಲ, ಎಲ್ಲೂ ಕಚ್ಚಲಿಲ್ಲ. ಸ್ವರ್ಗದಂಥ ಬೂಟು. "ಸಖತ್ತಾಗಿದೆ. ಆ ದಪ್ಪ ಸಾಕ್ಸೂ ಸೇರ್ಸಿ ಪ್ಯಾಕ್ ಮಾಡು," ಎಂದರು.

ಮನೆಯೊಳಗೆ ಬೂಟು ಮೆಟ್ಟಿ ಓಡಾಡಲು ಗೌರಮ್ಮ ಬಿಡುವುದಿಲ್ಲವಲ್ಲ, ತಾರಸಿಯ ಮೇಲೆ ಬೆಳಗ್ಗೆಯೆಲ್ಲ ಠಳಾಯಿಸಿದರು. ದಾರ ಬೀಸುವ ಅಭ್ಯಾಸವನ್ನೂ ಮಾಡಿದರು. ಒಣಹಾಕಿದ್ದ ಪಿಜಿ ಹುಡುಗನ ಬನಿಯನ್ನು ಗಾಳಕ್ಕೆ ಸಿಕ್ಕಿಕೊಂಡಿತು, ಅವನಿಗೂ ನಾಲ್ಕು ಮಾತು ಬಿದ್ದವು. ಕೆಳಗಿಳಿದು ಮೆಟ್ಟಿಲ ಮೇಲೆ ಕೂತು ಬೂಟು ಕಳಚಿ, ದಪ್ಪ ಸಾಕ್ಸ್ ಎಳೆದಾಗ ಒಳಗಿನ ಬಿಳಿ ಸಾಕ್ಸು ಕೆಂಪಾಗಿತ್ತು.

ಗೌರಮ್ಮ ಬಿಸಿನೀರು, ಹತ್ತಿ, ಮುಲಾಮು ತಂದು ಅಲ್ಲೇ ಕುಕ್ಕರಗಾಲಲ್ಲಿ ಕೂತರು. ಹೆಬ್ಬೆರಳ ಬುಡದಲ್ಲಿ ಚರ್ಮ ಸುಲಿದಿತ್ತು. ಗಂಗಾಧರಯ್ಯ ಗೋಡೆಯ ಕಡೆ ಮುಖ ಮಾಡಿ ಅಂಗಡಿಯವನ ವಂಶವನ್ನೆಲ್ಲ ಜಾಲಾಡುತ್ತಿದ್ದರು. ಮೋಸಗಾರರು, ಹಗಲು ದರೋಡೆಕೋರರು, ಕನ್ಸ್ಯೂಮರ್ ಕೋರ್ಟಿಗೆ ಎಳೀತೀನಿ. ಗೌರಮ್ಮ ಹತ್ತಿಯನ್ನು ಕೆಳಗಿಟ್ಟು, ಹಸಿ ಗಾಯದ ಮೇಲೆ ಬೆರಳಿಟ್ಟು ಒತ್ತಿದರು. ಗಂಡ ಬೈಯುತ್ತಲೇ ಇದ್ದರು. ಇನ್ನೂ ಗಟ್ಟಿಯಾಗಿ ಒತ್ತಿದರು. ಬೈಗುಳದ ಒಂದು ಅಕ್ಷರವೂ ತಡವರಿಸಲಿಲ್ಲ. ಸ್ವಲ್ಪ ಜೋಮು ಎಂದರೆ ಎಷ್ಟು ಎಂದು ಗೌರಮ್ಮನಿಗೆ ಗೊತ್ತಾದದ್ದು ಆಗ. ಅವರಿಗೆ ಬಂದ ಸಿಟ್ಟಿನ ಮುಂದೆ ಗಂಡನ ಸಿಟ್ಟು ಏನೇನೂ ಅಲ್ಲ. ಇಷ್ಟು ವರ್ಷ ಅಕ್ಕಪಕ್ಕ ಕೂತು ಉಂಡವರು ಇಂಥದ್ದನ್ನು ಮುಚ್ಚಿಡುತ್ತಾರೆಯೇ? ಆದರೂ ಅವತ್ತಿಗೆ ಪಟ್ಟಿ ಕಟ್ಟಿ ಎದ್ದರು.

ಗಿರಿನಗರದಿಂದ ಮಗಳು ಶ್ವೇತ ಫೋನಿನಲ್ಲೇ ಪಂಚಾಯ್ತಿ ಮಾಡಿದಳು. "ಆ ಕೋಲು ಗೀಲು ಎಲ್ಲಾ ಮಾರ್ಬಿಡಮ್ಮ. ಅಪ್ಪಂಗೆ ಬೇಕಾ ಇದೆಲ್ಲ ಈ ವಯಸ್ಸಲ್ಲಿ?" ಬೇಗ ಕಂಡದ್ದರಿಂದ ಗಾಯ ಮಾಗಿತು. ಡಾಕ್ಟರು ಇದೇ ಕೊನೆಯ ಅವಕಾಶ ಎಂದು ಎಚ್ಚರಿಸಿದರು. ಗಂಗಾಧರಯ್ಯ ವರಾಂಡದಲ್ಲಿ ಕೂತು ಬೀದಿಯಲ್ಲಿ ಹೋಗುವ ಬರುವವರಿಗೆಲ್ಲ ಬೈಯತೊಡಗಿದರು. ಬೀದಿಯವರು ಕಣ್ಣು ತಪ್ಪಿಸಿ ಓಡಾಡತೊಡಗಿದರು.

ಒಂದು ಬೆಳಗ್ಗೆ ಗೌರಮ್ಮ ಹೊಸ ತೆಂಗಿನ ಪೊರಕೆಯಿಂದ ಎರಡು ಕಡ್ಡಿ ಎಳೆದುಕೊಂಡು ಬಂದು ಅವರ ಮುಂದೆ ಕೂತರು. ಒಂದು ಕಡ್ಡಿಯನ್ನು ಅಂಗಾಲಿನುದ್ದಕ್ಕೆ ಹಿಡಿದು ಹಿಮ್ಮಡಿಯಿಂದ ಹೆಬ್ಬೆರಳವರೆಗೆ ಅಳೆದು ಮುರಿದರು. ಇನ್ನೊಂದನ್ನು ಬೆರಳುಗಳ ಬುಡದಲ್ಲಿ ಅಡ್ಡ ಹಿಡಿದು ಅಷ್ಟಕ್ಕೇ ಮುರಿದರು. ಸಂತೆಗೆ ಹೋಗುವವರು ಮನೆಯಲ್ಲಿರುವ ಮಗುವಿಗೆ, ಊರಲ್ಲಿಲ್ಲದ ಅಣ್ಣನಿಗೆ ಚಪ್ಪಲಿ ತರಲು ಹೀಗೆ ಕಡ್ಡಿಯಲ್ಲಿ ಅಳತೆ ಒಯ್ಯುತ್ತಿದ್ದರು. ಗಂಗಾಧರಯ್ಯನವರಿಗೆ ಮೈ ಉರಿದುಹೋಯಿತು.

"ಲೇ, ಏನೇ ಇದು? ನಾನೇನು ಊರಲ್ಲಿಲ್ವಾ? ಇಲ್ಲೇ ಕೂತಿದೀನಲ್ಲ ಗೂಟದ ಥರ!"

"ನೀವಿದೀರ," ಎಂದರು ಗೌರಮ್ಮ, ತಲೆಯೆತ್ತದೆ. "ನಿಮ್ ಕಾಲಿಲ್ಲ."

ಗಂಗಾಧರಯ್ಯ ಎದ್ದು ಒಳಗೆ ಹೋಗಿ ಬೂಟಿನ ಡಬ್ಬ ತಂದರು. "ನಡಿ. ಆ ಕಳ್ಳನ ಮುಖದ ಮೇಲೆ ಎಸೆದು ಬರ್ತೀನಿ," ಎಂದರು. ತಮ್ಮ ಕಾಲಿನ ಮೇಲೆ ಬಂದ ಕೋಪವನ್ನು ಯಾರ ಮೇಲಾದರೂ ಇಳಿಸಬೇಕಲ್ಲ.

ಅಂಗಡಿಯಲ್ಲಿ ಆದ ಗಲಾಟೆಗೆ ಎದುರಿನ ಜ್ಯೂಸ್ ಅಂಗಡಿಯವನೂ ಇಣುಕಿದ. ಡಬ್ಬ ಮೇಜಿನ ಮೇಲೆ ಬಡಿದು ಗಂಗಾಧರಯ್ಯ ಗುಡುಗಿದರು: "ಇದಾ ಬೂಟು? ಮನುಷ್ಯರ ಕಾಲಿಗೆ ಮಾಡಿದ್ದಾ, ಹಾವಿಗೆ ಮಾಡಿದ್ದಾ? ರಕ್ತ ಬಂತಯ್ಯಾ ರಕ್ತ! ಕಸ್ಟಮರ್ ಅಂದ್ರೆ ಏನ್ ಅನ್ಕೊಂಡಿದೀರ?"

ನಿಂಗರಾಜ ಹೆದರಿದ್ದ. ಆದರೂ ಅವನೂ ಎಷ್ಟು ಸಹಿಸಿಯಾನು? "ಸಾರ್, ನಾನು ಕೇಳಿದ್ನಲ್ಲ ಸಾರ್. ನೀವೇ ಸಖತ್ತಾಗಿದೆ ಅಂದ್ರಿ. ಕಾಲು ನಿಮ್ದು ಸಾರ್, ನನಗ್ ಹೆಂಗ್ ಗೊತ್ತಾಗ್ಬೇಕು?"

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆದರೆ ಇಲ್ಲಿ ನೆಲವೂ ಡೊಂಕೇ ಇತ್ತು, ಅದೇ ಕಷ್ಟ. ಬೂಟಿನ ಮೂತಿ ಚೂಪಾಗಿದ್ದದ್ದು ನಿಜ, ಲೂಸಾಗತ್ತೆ ಎಂದು ಸುಳ್ಳು ಹೇಳಿ ಮಾರುವುದು ನಿಜ. ಅದರ ಜೊತೆಗೆ ಇವನು ಹೇಳಿದ್ದೂ ನಿಜ. ಗಂಗಾಧರಯ್ಯ ಡಬ್ಬವನ್ನು ಮೇಜಿನ ಮೂಲೆಗೆ ಸರಿಸಿದರು.

ಗೌರಮ್ಮ ಆಗಲೇ ಟ್ರಯಲ್ ಸ್ಟೂಲಿನ ಮೇಲೆ ಕೂತಿದ್ದರು. "ಮರಿ, ಅಗಲ ಇರೋದು ಎಷ್ಟಿದ್ಯೋ ಎಲ್ಲಾ ತಗೊಂಡ್ ಬಾ. ಆ ದಪ್ಪ ಸಾಕ್ಸೂ ತಗೊಂಡ್ ಬಾ," ಎಂದರು. ಮೊದಲ ಬೂಟಿಗೆ ಸಾಕ್ಸ್ ಇಳಿಬಿಟ್ಟು, ಅದರೊಳಗೆ ಉದ್ದದ ಕಡ್ಡಿ ಹಾಕಿದರು. ಹೋಯಿತು. ಅಡ್ಡ ಕಡ್ಡಿ ಹಾಕಿದರು. ಬಾಗಿತು. ಪಕ್ಕಕ್ಕಿಟ್ಟರು. ಎರಡನೆಯದರಲ್ಲಿ ಕಡ್ಡಿ ಎರಡೂ ನೆಟ್ಟಗೆ ನಿಂತವು. ಬಳೆಗಳನ್ನು ಮೇಲಕ್ಕೆ ತಳ್ಳಿ ಮೊಣಕೈವರೆಗೆ ಕೈ ತೂರಿಸಿ ತಡವಿದರು. ಹಿಮ್ಮಡಿಯ ಹತ್ತಿರ ಹೊಲಿಗೆಯ ಗಂಟು ಸಿಕ್ಕಿತು. ಅದೂ ಪಕ್ಕಕ್ಕೆ. ಮೂರನೆಯದು ನೋಡಲು ಎಮ್ಮೆಯಂತೆ ಅಂದಗೆಟ್ಟಿತ್ತು, ಒಂದು ಸೈಜ್ ದೊಡ್ಡದು, ಮೂತಿ ಅಗಲ. ಗೌರಮ್ಮ ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಅದರೊಳಗೆ ಬೆರಳಾಡಿಸಿದರು. ಒಂದು ಕಾಲಿನ ಬೂಟನ್ನು ಗಂಡನಿಗೆ ತೊಡಿಸಲು ನಿಂಗರಾಜನ ಕೈಗೆ ಕೊಟ್ಟು, ಇನ್ನೊಂದನ್ನು ತಮ್ಮ ಮಡಿಲಲ್ಲೇ ಇಟ್ಟುಕೊಂಡರು.

ಗಂಗಾಧರಯ್ಯ ಕಾಲು ಚಾಚಿದರು. ನಿಂಗರಾಜ ಲೇಸು ಬಿಗಿದು, ಹೇಳಿ ಹೇಳಿ ರೂಢಿಯಾದ ಬಾಯಿಂದ ಮತ್ತೆ ಅದನ್ನೇ ಕೇಳಿದ. "ಕಂಫರ್ಟಬಲ್ಲಾ ಸಾರ್?" ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಗಂಗಾಧರಯ್ಯನವರ ಮುಖಕ್ಕೆ ರಕ್ತ ಏರಿತು. ಅಂಗಡಿಯಲ್ಲಿ ಬೆನ್ನುಚೀಲ ನೋಡುತ್ತಿದ್ದ ಜೋಡಿಯೊಂದು ಇತ್ತ ತಿರುಗಿತು. ಗೌರಮ್ಮ ಮಡಿಲಿನ ಬೂಟಿನೊಳಗೆ ಬೆರಳಾಡಿಸುತ್ತಲೇ ಇದ್ದರು.

"ನನಗೆ ಗೊತ್ತಾಗಲ್ಲ ಕಣಯ್ಯಾ!" ಎಂದು ಕೂಗಿದರು, ಎಲ್ಲರಿಗೂ ಕೇಳಲಿ ಎಂಬಂತೆ, ಜಗಳದ ದನಿಯಲ್ಲೇ. "ಕೆಂಡ ಹಾಕಿದ್ರೂ ಗೊತ್ತಾಗಲ್ಲ. ಇವಳ್ನ ಕೇಳು. ಇವಳಿಗೆ ಗೊತ್ತಾಗುತ್ತೆ."

ಗೌರಮ್ಮ ಬೂಟಿನೊಳಗಿಂದ ಕೈ ತೆಗೆಯಲಿಲ್ಲ.

"ಕಿರುಚ್ಬೇಡಿ, ಇರಿ ಒಂದ್ ನಿಮಿಷ," ಎಂದರು. "ಹೆಬ್ಬೆರಳ ಹತ್ರ ಇನ್ನೊಂದ್ ಸಲ ನೋಡ್ಬೇಕು."