ಪ್ರಯಾಣದ ಉದ್ದೇಶ: ಉದ್ಯೋಗ

ಬೆಳಗಿನ ಐದೂವರೆ. ಪಾಸ್‌ಪೋರ್ಟ್ ಕಚೇರಿಯ ಗೇಟು ತೆರೆಯಲು ಇನ್ನೂ ಮೂರೂವರೆ ಗಂಟೆ ಇದೆ. ಎದುರಿನ ಕಾಂಪೌಂಡ್ ಗೋಡೆಯ ಪಕ್ಕ, ಹಳೇ ಹೊಲಿಗೆ ಯಂತ್ರದ ಸ್ಟ್ಯಾಂಡಿನ ಮೇಲೆ ಹಲಗೆಯೊಂದನ್ನಿಟ್ಟು ಧೂಳು ಒರೆಸುತ್ತಿದ್ದಾರೆ, ಅರ್ಜಿ ತುಂಬಿಕೊಡುವ ಫಾರಂ ಅಕ್ಕ. ಗೋಂದಿನ ಬಾಟಲಿ, ಸ್ಟೇಪ್ಲರ್, ರಬ್ಬರ್ ಬ್ಯಾಂಡ್ ಸುತ್ತಿದ ಆರು ಕಪ್ಪು ಪೆನ್ನು. ಅಲ್ಲಿಗೆ ಆಫೀಸು ಸಿದ್ಧ. ಆಗಲೇ ಹನ್ನೊಂದು ಜನ ಕಾಯುತ್ತಿದ್ದಾರೆ.

ಅವರಲ್ಲಿ ನಾನೂ ಒಬ್ಬ. "ನನ್ನ ಪಾಸ್‌ಪೋರ್ಟ್ ಅವಧಿ ಇನ್ನೂ ನಾಲ್ಕು ತಿಂಗಳು ಬಾಕಿ ಇದೆಯಲ್ಲ, ಈಗಲೇ ಯಾಕೆ ಹೊಸದು?" ಎಂದು ಜಾಣತನ ತೋರಿಸಲು ಹೋಗುತ್ತೇನೆ. ಅಕ್ಕ ಕನ್ನಡಕದ ಮೇಲಿಂದ ನೋಡುತ್ತಾರೆ. "ಎಷ್ಟೋ ದೇಶದೋರು ಆರು ತಿಂಗಳಾದ್ರೂ ಬಾಕಿ ಇರ್ಬೇಕು ಅಂತಾರೆ ಸಾರ್. ವಿಮಾನದ ಬಾಗಿಲಿಂದಾನೇ ವಾಪಸ್ ಕಳಿಸ್ತಾರೆ. ಓದ್ಕೊಂಡಿರೋ ನೀವೇ ಹೀಗಂದ್ರೆ?" ಹಿಂದಿದ್ದವರು ನಗುತ್ತಾರೆ. ನಾನು ಬಾಲ ಮುದುರಿಕೊಂಡು ಬೆಂಚಿನಲ್ಲಿ ಕೂರುತ್ತೇನೆ.

ಇಪ್ಪತ್ತೆರಡು ವರ್ಷದಿಂದ ಅಕ್ಕನದು ಇದೇ ಜಾಗ. ಗಂಡ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಅವರು ತೀರಿಕೊಂಡಾಗ ಅಕ್ಕನ ಮಡಿಲಲ್ಲಿ ಎರಡು ಹೆಣ್ಣುಮಕ್ಕಳು, ಕೈಯಲ್ಲಿ ಗುಂಡಗಿನ ಅಕ್ಷರ, ಅಷ್ಟೇ ಆಸ್ತಿ. ದಿನಕ್ಕೆ ಮೂವತ್ತರಿಂದ ನಲವತ್ತು ಫಾರಂ, ಒಂದೊಂದರಲ್ಲಿ ಇಪ್ಪತ್ತೇಳು ಕಲಂ, ಒಂದು ಚೌಕಕ್ಕೆ ಒಂದೇ ಅಕ್ಷರ. ಕಾವಲುಗಾರರು ವಾರಕ್ಕೊಮ್ಮೆಯಾದರೂ ಎಬ್ಬಿಸಿ ಓಡಿಸುತ್ತಾರೆ. ಅರ್ಧ ಗಂಟೆ ಬಿಟ್ಟು ಅವರೇ ಯಾರನ್ನಾದರೂ ಕರೆತಂದು, "ಅಕ್ಕ, ಇವರದ್ದೊಂದು ಬರ್ದುಕೊಡಿ" ಎನ್ನುತ್ತಾರೆ.

"ಊರು ಬಿಡೋಕೆ ಯಾರೂ ಏನೂ ಕೇಳಲ್ಲ. ದೇಶ ದಾಟೋಕೆ ಮಾತ್ರ ಪಾಸ್‌ಪೋರ್ಟ್ ಬೇಕೇ ಬೇಕು. ಹೋಗೋಕೂ ಬೇಕು, ಮನೆಗೆ ವಾಪಸ್ ಬರೋಕೂ ಬೇಕು" ಎಂದು ಎಲ್ಲರಿಗೂ ಬಿಡಿಸಿ ಹೇಳುತ್ತಾರೆ. ಅವರ ಬಳಿ ಬರುವವರಲ್ಲಿ ನೂರಕ್ಕೆ ತೊಂಬತ್ತು ಜನ ದುಡಿಯಲು ಹೊರಟವರು. ಹಾಗಾಗಿ 'ಪ್ರಯಾಣದ ಉದ್ದೇಶ' ಎಂಬ ಕಲಂ ಬಂದರೆ ಅಕ್ಕನ ಕೈ ತಾನಾಗಿ 'ಉದ್ಯೋಗ' ಎಂದು ಬರೆದುಬಿಡುತ್ತದೆ. ಆ ರೂಢಿಯೇ ಹೋದ ವರ್ಷ ಅವರಿಗೆ ಮುಳುವಾಯಿತು.

ಹಾಸ್ಟೆಲೊಂದರಲ್ಲಿ ಪಾತ್ರೆ ತೊಳೆಯುವ ಹೆಂಗಸೊಬ್ಬರು ಅವತ್ತು ಓಡೋಡಿ ಬಂದಿದ್ದರು. ಸಮುದ್ರದಾಚೆಯ ದೇಶದಲ್ಲಿ ವೆಲ್ಡಿಂಗ್ ಮಾಡುತ್ತಿದ್ದ ಒಬ್ಬನೇ ಮಗ ಕಟ್ಟಡದಿಂದ ಬಿದ್ದು ಆಸ್ಪತ್ರೆಯಲ್ಲಿದ್ದ. ಕಂಪನಿಯವರು ಟಿಕೆಟ್ ಕಳಿಸಲು ಒಪ್ಪಿದ್ದರು, ಆ ದೇಶದ ವೀಸಾ ಅಲ್ಲಿ ಇಳಿದ ಮೇಲೆ ಸಿಗುತ್ತಿತ್ತು. ಬೇಕಿದ್ದದ್ದು ಪಾಸ್‌ಪೋರ್ಟ್ ಒಂದೇ. "ನಾನೇನು ಅಲ್ಲಿ ಉಳಿಯೋಕೆ ಹೋಗ್ತೀನಾ ತಾಯಿ? ಮುಖ ನೋಡ್ಕೊಂಡು ಬಂದ್ಬಿಡ್ತೀನಿ. ಅದಕ್ಕೂ ಪುಸ್ತಕ ಬೇಕಾ?" ಎಂದು ಅತ್ತರು.

ಕಾಯಿಲೆಯವರನ್ನು ನೋಡಲು ಹೊರಟವರ ಅರ್ಜಿಗೆ ಬೇರೆಯೇ ಕಿಟಕಿ ಇದೆ. ಮೂರು ದಿನದಲ್ಲಿ ಪಾಸ್‌ಪೋರ್ಟ್ ಕೈಗೆ ಬರುತ್ತದೆ. ಆದರೆ ಆ ತಾಯಿಯನ್ನು ಸಮಾಧಾನ ಮಾಡುತ್ತಲೇ ಅಕ್ಕ ಬರೆದದ್ದು 'ಉದ್ಯೋಗ'. ಅರ್ಜಿ ಮಾಮೂಲಿ ಅರ್ಜಿಗಳ ಜೊತೆ ಸೇರಿತು. ನಾಲ್ಕನೇ ದಿನ ತಾಯಿ ಕಚೇರಿಯಿಂದ ಬಂದ ಪತ್ರವೊಂದನ್ನು ಹಿಡಿದು ಬಂದರು. ಕೆಲಸ ಕೊಟ್ಟವರ ಒಪ್ಪಿಗೆ ಪತ್ರ ಲಗತ್ತಿಸಿ ಎಂದಿತ್ತು ಅದರಲ್ಲಿ.

"ಓದ್ತಾ ಓದ್ತಾ ನಾನೇನು ಬರ್ದಿದ್ದೆ ಅಂತ ಗೊತ್ತಾಯ್ತು ಸಾರ್. ಒಳಗೆ ಹೋಗಿ ಸಾಹೇಬ್ರನ್ನ ಬೇಡ್ಕೊಂಡೆ, ಕಾಲು ಹಿಡಿಯೋದೊಂದು ಬಾಕಿ. ಅವರೂ ಪಾಪ, ಆದಷ್ಟು ಬೇಗ ಮಾಡಿಸಿದ್ರು."

ಏಳನೇ ದಿನ ಪಾಸ್‌ಪೋರ್ಟ್ ಬಂತು. ಮಗ ಆರನೇ ದಿನ ಮಧ್ಯಾಹ್ನ ಹೋಗಿಬಿಟ್ಟಿದ್ದ.

ಇದನ್ನು ಹೇಳುವಾಗ ಅಕ್ಕ ಪೆನ್ನಿನ ಮುಚ್ಚಳ ತೆಗೆಯುತ್ತ, ಮತ್ತೆ ಹಾಕುತ್ತ ಇರುತ್ತಾರೆ.

ತಪ್ಪು ನಿಮ್ಮದೆಂದು ಆ ತಾಯಿಗೆ ಗೊತ್ತೇ ಎಂದು ಅಕ್ಕನನ್ನು ಕೇಳುತ್ತೇನೆ.

"ನಾನೇ ಮನೆ ಹುಡುಕ್ಕೊಂಡು ಹೋಗಿ ಹೇಳ್ದೆ. ಮುಚ್ಚಿಟ್ಟು ಹೇಗೆ ಬದುಕ್ಲಿ? ಎಲ್ಲಾ ಕೇಳ್ಕೊಂಡ್ರು. ಆಮೇಲೆ ಪಾಸ್‌ಪೋರ್ಟ್ ತಂದು ಕೈಗಿಟ್ರು. 'ಮಗನ್ನ ನೋಡೋಕೆ ಹೊರಟಿದ್ದೆ ಅಂತ ಇದ್ರಲ್ಲಿ ಎಲ್ಲಿ ಬರ್ದಿದೆ, ತೋರ್ಸಮ್ಮ' ಅಂದ್ರು. ಒಂದೊಂದೇ ಹಾಳೆ ತಿರುಗಿಸ್ದೆ. ಅದನ್ನೆಲ್ಲಾ ಅದ್ರಲ್ಲಿ ಬರ್ಯಲ್ಲ ಸಾರ್. ಎಲ್ಲಾ ಖಾಲಿ."

ಒಂಬತ್ತಾಗುತ್ತದೆ, ಒಳಗಿನಿಂದ ಕಾವಲುಗಾರ ಗೇಟಿನ ಚಿಲಕ ಸರಿಸುತ್ತಾನೆ. ಅಕ್ಕ ಮುಂದಿನವರ ಫಾರಂ ಎಳೆದುಕೊಂಡು, ಮೊದಲು "ಯಾಕೆ ಹೋಗ್ತಿದೀರಾ?" ಎಂದು ಕೇಳುತ್ತಾರೆ. ಉತ್ತರ ಪೂರ್ತಿ ಬರುವವರೆಗೂ ಪೆನ್ನು ಹಾಳೆಗೆ ತಾಗುವುದಿಲ್ಲ. ನಾನು ಏಳುವ ಮುಂಚೆ, ಈಗ ನಿಮಗೇನಾಗಬೇಕು ಅಕ್ಕ ಎಂದು ವಿಚಾರಿಸುತ್ತೇನೆ. ನೆರಳಿಗೊಂದು ತಗಡು, ಕೂರಲು ಒಳ್ಳೆಯ ಕುರ್ಚಿ, ಅಂಥದ್ದೇನೋ ಹೇಳುತ್ತಾರೆಂದುಕೊಂಡಿದ್ದೆ.

"ಆ ಯಮ್ಮ ನಂಗೆ ಒಂದು ಮಾತೂ ಅನ್ಲಿಲ್ಲ ಸಾರ್. ಎದುರಿಗೆ ಸಿಕ್ಕಿದ್ರೆ, ಊಟ ಆಯ್ತಾ ಅಂತ ಕೇಳ್ತಾರೆ. ಒಂದ್ಸಲ ಇಲ್ಲಿಗೆ ಬಂದು ನನ್ನ ಬಾಯ್ತುಂಬ ಬೈದು ಹೋಗ್ಲಿ. ಅಷ್ಟಾದ್ರೆ ಸಾಕು."