ಟೀವಿಯ ವಕೀಲೆಗೆ ಅಪ್ಪನ ಆಯೇರಿ

ಇಲ್ಲದ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಡುವುದು ಹೇಗಿರುತ್ತದೆ ಎಂದು ನನ್ನನ್ನು ಕೇಳಬೇಕು. ಆ ಹೆಂಗಸು ಹಿಂದಿ ವೆಬ್ ಸರಣಿಯೊಂದರ ವಕೀಲೆ. ಶುಕ್ರವಾರಕ್ಕೊಂದು ಹೊಸ ಕಂತು ಬರುತ್ತಿತ್ತು. ಮರಾಠಿ ಸೀಮೆಯ ಕೊಂಢವಾ ಎಂಬ ಬಡಾವಣೆಯ ನಮ್ಮ ಮನೆಯಲ್ಲಿ ಅದನ್ನು ಶನಿವಾರ ಮಧ್ಯಾಹ್ನ ಊಟ ಮುಗಿಸಿ ನೋಡುವ ರೂಢಿ. ಅವಳ ಕರಿ ಕೋಟಿಗೆ ಒಂದು ಸುಕ್ಕಿಲ್ಲ, ತಲೆಗೂದಲು ಕದಲುವುದಿಲ್ಲ, ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ. ಅವಳು ಬಾಯಿ ತೆರೆದರೆ ನ್ಯಾಯಾಧೀಶರು ಗಲ್ಲಕ್ಕೆ ಕೈಕೊಟ್ಟು ಕೇಳುತ್ತಾ ಕೂರುತ್ತಾರೆ. ನಾನೂ ವಕೀಲೆಯೇ. ಇಲ್ಲಿನ ಶಿವಾಜಿನಗರದ ಕೋರ್ಟಿಗೆ ಹೋಗಲು ಶುರುಮಾಡಿ ಹದಿನೈದು ವರ್ಷ ದಾಟಿತು. ನನ್ನ ಕೋಟಿನ ತೋಳಿಗೆ ಚಹಾದ ಕಲೆ ಇದೆ, ಫೈಲು ಹೊತ್ತು ಹೊತ್ತು ಎಡಭುಜ ಇಳಿದಿದೆ. ನಾನು ಮೂರನೇ ವಾಕ್ಯಕ್ಕೆ ಬರುವಷ್ಟರಲ್ಲಿ ನ್ಯಾಯಾಧೀಶರು ಮುಂದೇನು ಎಂದು ಕೇಳಿರುತ್ತಾರೆ.

ಆದರೆ ನನಗೆ ಸಂಕಟವಾದದ್ದು ಅವಳ ಕೋಟಿನಿಂದಲ್ಲ, ಅಪ್ಪನಿಂದ.

ಅಪ್ಪ ಸೊಲ್ಲಾಪುರದ ಸ್ಟೇಷನ್ನಿನಲ್ಲಿ ಟಿಕೆಟ್ ಕೊಟ್ಟು ನಿವೃತ್ತನಾದವನು. ಅದು ಹೊಟ್ಟೆಪಾಡು. ಅವನ ಜೀವವೆಲ್ಲ ಇದ್ದದ್ದು ಇಂಡಿ ಕಡೆಯ ನಮ್ಮೂರಿನ ನಾಟಕದಲ್ಲಿ. ರಜೆ ಹಾಕಿ ಹೋಗಿ ಬಣ್ಣ ಹಚ್ಚುತ್ತಿದ್ದ. ಖಳನ ಪಾತ್ರ ಅವನಿಗೇ ಮೀಸಲು, ಏಕೆಂದರೆ ಅವನ ದನಿ ಎಲ್ಲರಿಗಿಂತ ಹಿಂದೆ, ಎತ್ತಿನ ಗಾಡಿಯ ಮೇಲೆ ಕೂತವರಿಗೂ ಕೇಳುತ್ತಿತ್ತು. ನಮ್ಮ ಕಡೆಯ ನಾಟಕದಲ್ಲಿ ಆಯೇರಿಯ ಪದ್ಧತಿ ಇದೆ. ಪಾತ್ರಧಾರಿಯ ಮಾತು ಮನಸ್ಸಿಗೆ ಹತ್ತಿತೆಂದರೆ ನೋಡುವವರಲ್ಲಿ ಒಬ್ಬ ಎದ್ದು, ಆಟ ನಡೆದಿರುವಾಗಲೇ ರಂಗ ಹತ್ತಿ, ಅವನ ಅಂಗಿಗೆ ಪಿನ್ನಿನಿಂದ ನೋಟು ಸಿಕ್ಕಿಸಿ ಬರುತ್ತಾನೆ. ರಾಜ ಸಾಯುತ್ತಿದ್ದರೂ ಸರಿ, ಸಾಯುವುದನ್ನು ಒಂದು ಗಳಿಗೆ ನಿಲ್ಲಿಸಿ, ಕೈಮುಗಿದು ಆಯೇರಿ ತೆಗೆದುಕೊಂಡು, ಆಮೇಲೆ ಸಾಯುತ್ತಾನೆ. ನೋಟು ಎಷ್ಟರದ್ದು ಎಂದು ಯಾರೂ ನೋಡುವುದಿಲ್ಲ. ಎಲ್ಲರ ಎದುರು ಎದ್ದು ಬಂದದ್ದೇ ದೊಡ್ಡದು. ಅಪ್ಪ ಅಂಥ ಆಯೇರಿ ಬಹಳ ಪಡೆದಿದ್ದಾನೆ, ಕೊಟ್ಟದ್ದು ಕಡಿಮೆ. ಸುಮ್ಮಸುಮ್ಮನೆ ಎದ್ದು ಹೋಗುವ ಮನುಷ್ಯನಲ್ಲ.

ನನಗಂತೂ ಕೊಟ್ಟೇ ಇರಲಿಲ್ಲ. ವಕೀಲಿಯ ಸನದು ಪಡೆದು ಮೊದಲ ಸಲ ಕೋಟು ಹಾಕಿಕೊಂಡು ಅವನೆದುರು ನಿಂತಾಗ ಮೇಲಿಂದ ಕೆಳಗೆ ನೋಡಿ, "ಓದಿದಿ, ಛಲೋ ಆತು. ಆದ್ರ ವಕೀಲಿ ಮಾಡಾಕ ದನಿ ಬೇಕವಾ. ನಿನ್ನ ದನಿ ಅಡಗಿಮನಿ ಬಿಟ್ಟು ಹೊರಗ ಬರೂದಿಲ್ಲ," ಎಂದಿದ್ದ. ಅವ್ವ ನಕ್ಕಿದ್ದಳು. ನಾನೂ ನಕ್ಕಿದ್ದೆ. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಅವ್ವ ಹೋದ ಮೇಲೆ ಅಪ್ಪ ನಮ್ಮ ಮನೆಯಲ್ಲೇ ಇದ್ದಾನೆ. ಆದರೆ ಮಗಳು ಕೋರ್ಟಿನಲ್ಲಿ ಹೇಗೆ ನಿಲ್ಲುತ್ತಾಳೆ ಎಂದು ಒಂದು ದಿನವೂ ನೋಡಲು ಬಂದಿರಲಿಲ್ಲ. ನೋಡುವುದಕ್ಕೆ ಏನಿದೆ ಎಂಬುದು ಅವನ ಲೆಕ್ಕ.

ಹೀಗಿರುವಾಗ ಆ ಟೀವಿಯ ವಕೀಲೆ ನಮ್ಮ ಮನೆಗೆ ಬಂದಳು. ಒಂದು ಶನಿವಾರದ ಕಂತಿನಲ್ಲಿ ಅವಳು ಸುಳ್ಳು ಸಾಕ್ಷಿ ಹೇಳಿದವನೊಬ್ಬನನ್ನು ಕಟಕಟೆಯಲ್ಲೇ ನಿಲ್ಲಿಸಿ ನೀರಿಳಿಸಿದಳು. ಅಪ್ಪ ಕುರ್ಚಿಯಿಂದ ಎದ್ದ. ನೀರು ಬೇಕೇನೋ ಅಂದುಕೊಂಡೆ. ಅವನು ಜೇಬಿನಿಂದ ನೋಟು ತೆಗೆದು, ಟೀವಿಯ ಕೆಳಗೆ ಸರಿಯಾಗಿ ಅವಳ ನೇರಕ್ಕೆ ಇಟ್ಟು, ಗಾಳಿಗೆ ಹಾರದಂತೆ ಮೇಲೆ ರಿಮೋಟು ಹೇರಿ, ಬಂದು ಕೂತ.

"ಏನಪ್ಪಾ ಇದು?" ಎಂದೆ.

"ಆಯೇರಿ. ವಕೀಲಿ ಅಂದ್ರ ಇದು ನೋಡು."

ನನ್ನ ಮೈಯೆಲ್ಲ ಉರಿಯಿತು. ಮುಖಕ್ಕೆ ಬಣ್ಣ ಬಳಿದುಕೊಂಡು, ಯಾರೋ ಬರೆದುಕೊಟ್ಟ ಮಾತನ್ನು ಹೇಳಿದವಳಿಗೆ ಅಪ್ಪ ಎದ್ದು ಹೋಗಿ ಆಯೇರಿ ಮಾಡಿದ್ದ. ಸಂಜೆ ನನ್ನ ಗಂಡ ಆ ನೋಟನ್ನು ಎತ್ತಿಡಲು ಹೋದರೆ, "ಕೊಟ್ಟದ್ದು ಅಲ್ಲೇ ಇರ್ಲಿರೀ," ಎಂದು ಅಳಿಯನನ್ನೇ ತಡೆದ. ಮುಂದೆ ವಾರಗಟ್ಟಲೆ ಟೀವಿಯ ಧೂಳು ಒರೆಸುವಾಗೆಲ್ಲ ಆ ನೋಟಿನ ಸುತ್ತ ಬಟ್ಟೆ ಆಡಿಸುವ ಭಾಗ್ಯ ನನ್ನದಾಯಿತು.

ಆಮೇಲೆ ನಾನು ಸುಮ್ಮನೆ ಕೂತು ನೋಡಲಿಲ್ಲ. ಈ ಸಾಕ್ಷಿಯ ಹೆಸರು ಮೊದಲೇ ಕೋರ್ಟಿಗೆ ಕೊಟ್ಟಿದ್ದಾಳೇನು, ಇಷ್ಟು ಹೊತ್ತು ಭಾಷಣ ಮಾಡಿದರೆ ಯಾವ ಜಡ್ಜು ಬಿಡುತ್ತಾರೆ, ಎದುರು ವಕೀಲನ ಬಾಯಲ್ಲಿ ಏನು ಕಡುಬು ಇದೆಯೇ ಎಂದು ಕೇಳುತ್ತಲೇ ಇದ್ದೆ. "ನೀ ಸುಮ್ಮ ಕುಂಡ್ರು," ಎನ್ನುತ್ತಿದ್ದ ಅಪ್ಪ, ಕಣ್ಣು ತೆಗೆಯದೆ. ನನ್ನ ಮಾತಿಗೆ ಕಿವಿಗೊಟ್ಟವರು ಎದುರುಮನೆಯ ಅಕ್ಕ ಒಬ್ಬರೇ. ಅವರು ಕುಂದಾಪುರ ಕಡೆಯವರು, ಗಂಡನದು ಇಲ್ಲೇ ಒಂದು ಸಣ್ಣ ಹೋಟೆಲು. ಶನಿವಾರ ಒಂದು ಡಬ್ಬಿ ಗೋಳಿಬಜೆ ಹಿಡಿದು ನಮ್ಮಲ್ಲಿಗೆ ಬಂದುಬಿಡುತ್ತಿದ್ದರು.

"ನೀವು ಅದೇ ಕೆಲಸದವರಲ್ವಾ, ಹೇಳಿ ಮಾರಾಯ್ರೆ, ಕಡೆಗೆ ಎಂತ ಆಗ್ತದೆ?" ಎಂದು ಕೇಳಿದರು.

ನಮ್ಮ ಕಸುಬಿನಲ್ಲಿ ಕಡೆಗೆ ಏನಾಗುತ್ತದೆ ಎಂದು ಹೇಳುವುದಿಲ್ಲ. ಕಕ್ಷಿದಾರ ಕಾಲು ಹಿಡಿದು ಕೇಳಿದರೂ 'ನೋಡೋಣ, ತಾರೀಖು ಬರಲಿ' ಎನ್ನುವುದೇ ರೀತಿ. ಆದರೆ ಹೊಟ್ಟೆಯಲ್ಲಿ ಕಿಚ್ಚು ಇಟ್ಟುಕೊಂಡವಳಿಗೆ ಯಾವ ರೀತಿ, ಯಾವ ರಿವಾಜು? ಹೇಳಿಯೇಬಿಟ್ಟೆ. ಸತ್ತನೆಂದು ಎಲ್ಲರೂ ತಿಳಿದಿರುವ ಆ ಕಥೆಯ ಡ್ರೈವರ್ ಸತ್ತಿಲ್ಲ. ಕೊನೆಯ ದಿನ ಕೋರ್ಟಿನ ಬಾಗಿಲು ತೆರೆದು ಬರುತ್ತಾನೆ. ಕೊಲೆ ಮಾಡಿದವನು ಇವಳನ್ನು ಸಾಕಿ ಬೆಳೆಸಿದ ಮಾವನೇ. ಕಟಕಟೆಯಲ್ಲಿ ಅತ್ತು ಎಲ್ಲ ಒಪ್ಪಿಕೊಳ್ಳುತ್ತಾನೆ. ಹೊರಗೆ ಮಳೆ ಬರುತ್ತದೆ.

ಅಪ್ಪ ಆಗ ಮೊದಲ ಸಲ ನನ್ನ ಕಡೆ ತಿರುಗಿದ. "ಹಂಗ ಆಗೂದಿಲ್ಲ. ಅಕಿ ಭಾಳ ಶಾಣ್ಯಾಕಿ. ನಿನಗ ತಿಳಿಯೂವಂಥಾದ್ದು ಅಕಿ ಮಾಡೂದಿಲ್ಲ."

ಕೊನೆಯ ಕಂತಿನ ಶನಿವಾರ ನಮ್ಮ ಮನೆಯಲ್ಲಿ ಹಬ್ಬ. ನನ್ನ ಗಂಡ ಮಿರ್ಚಿ ಭಜಿ ಕರಿದರು, ನಾನು ಗಿರಮಿಟ್ಟು ಕಲಸಿದೆ, ಎದುರುಮನೆಯ ಅಕ್ಕ ಎರಡು ಡಬ್ಬಿ ತಂದರು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಕೂತ. ಜೇಬಿನಲ್ಲಿ ಇನ್ನೊಂದು ನೋಟಿನ ತುದಿ ಕಾಣುತ್ತಿತ್ತು. ನಾನು ಗಿರಮಿಟ್ಟಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

ಅರ್ಧ ದಾರಿ ಸರಿಯಾಗಿಯೇ ಹೋಯಿತು. ಆಮೇಲೆ ಕೋರ್ಟಿನ ದೊಡ್ಡ ಬಾಗಿಲು ಕಿರ್ರೆಂದು ತೆರೆಯಿತು. ಬೆಳಕು ಮುಂದೆ, ಅದರ ಹಿಂದೆ ಡ್ರೈವರ್. ಅಕ್ಕ ಗೋಳಿಬಜೆಯನ್ನು ಬಾಯಿಯ ಹತ್ತಿರ ಹಿಡಿದು ನನ್ನನ್ನೇ ನೋಡಿದರು. "ಇರ್ಲಿ ಇರ್ಲಿ, ಮುಂದ ನೋಡ್ರಿ," ಎಂದ ಅಪ್ಪ. ಮುಂದೆ ಮಾವ ಕಟಕಟೆ ಹತ್ತಿದ. ವಕೀಲೆ ಒಂದು ಪ್ರಶ್ನೆ ಕೇಳಿದಳು. ಆತ ಮುಖ ಮುಚ್ಚಿಕೊಂಡು ಅಳತೊಡಗಿದ. ಅಪ್ಪ ಜೇಬಿನ ನೋಟಿನ ತುದಿಯನ್ನು ಒಳಕ್ಕೆ ತಳ್ಳಿದ. ಕಡೆಗೆ ಅವಳು ಕೋರ್ಟಿನ ಮೆಟ್ಟಿಲು ಇಳಿದು, ಕೊರಳ ಬಿಳಿ ಪಟ್ಟಿ ಬಿಚ್ಚಿ, ಆಕಾಶ ನೋಡಿದಳು. ನನ್ನ ಗಂಡ ಮೆಲ್ಲಗೆ, "ಮಳಿ," ಎಂದರು. ಮಳೆ ಬಂತು.

"ಎಂತದ್ದು ಮಾರಾಯ್ರೆ ಇದು! ನಮ್ಮ ಹೋಟೆಲಿನ ತಿಂಡಿ ಹಾಗೆ, ಯಾವ ವಾರ ಎಂತ ಅಂತ ಮೊದಲೇ ಗೊತ್ತು. ಇದಕ್ಕಾ ನಾನು ಇಷ್ಟು ವಾರ ಕಾದದ್ದು?" ಎಂದು ಅಕ್ಕ ಸೆರಗು ಝಾಡಿಸಿ ಎದ್ದರು. ಕೊಲೆಗಾರ ಸಿಕ್ಕಿದ್ದರೂ ಮನೆಯಲ್ಲಿ ಏನೋ ಕಳೆದುಹೋದವರಂತೆ ಕೂತಿದ್ದೆವು. ಎಲ್ಲರಿಗಿಂತ ಕೆಟ್ಟದಾಗಿ ಪೆಟ್ಟು ತಿಂದವನು ಅಪ್ಪ.

"ಖಳ ಅಂದ್ರ ಹಂಗ ಸೋಲಬಾರ್ದು," ಎಂದ ಅವನು. "ನಾ ಎಷ್ಟು ನಾಟಕದಾಗ ಸೋತೀನಿ, ಒಮ್ಮೆರ ಅತ್ತೀನೇನು? ಅಕಿ ಕೇಳಿದ್ದು ಒಂದು ಪ್ರಶ್ನೆ. ಅಷ್ಟಕ್ಕಽ ಎಲ್ಲಾ ಒಪ್ಕೊಂಡ್ರ ಅಕೀದೇನು ಹೆಚ್ಚಳಾ? ನಮ್ಮೂರಾಗ ಆಗಿದ್ರ ಮಂದಿ ಪಡದೆ ಹರೀತಿದ್ರು." ಎದ್ದು ಹೋಗಿ, ಟೀವಿಯ ಕೆಳಗಿನ ನೋಟು ತೆಗೆದು, ನೆರಿಗೆ ಬಿಡಿಸಿ ಜೇಬಿಗೆ ಹಾಕಿಕೊಂಡ.

"ಕೊಟ್ಟ ಆಯೇರಿ ಹಿಂದಕ್ಕ ತಗೋಬಾರ್ದಪ್ಪಾ," ಎಂದೆ, ಬಾಯಲ್ಲಿ ಬೆಲ್ಲ ಇಟ್ಟುಕೊಂಡವಳ ಹಾಗೆ.

"ನಾಟಕಾ ಕೆಡಿಸಿದಾಕಿಗೆ ಎಂಥಾ ಆಯೇರಿ?"

ಆ ಮಧ್ಯಾಹ್ನ ನನಗಾದ ಖುಷಿಯನ್ನು ಮುಚ್ಚಿಡುವುದಿಲ್ಲ. ಉಳಿದ ಮಿರ್ಚಿ ಭಜಿಯನ್ನೆಲ್ಲ ನಾನೇ ತಿಂದೆ. ಅವಳು ಬಿದ್ದಳು, ಅದೂ ಅಪ್ಪನ ಕಣ್ಣೆದುರೇ ಬಿದ್ದಳು. ಅವನ ಮನಸ್ಸಿನಲ್ಲಿ ಅವಳ ಜಾಗ ಖಾಲಿಯಾಯಿತು ಎನಿಸಿತು. ಅಷ್ಟರಲ್ಲಿ ಅಪ್ಪ, "ಖರೇ ಕೋರ್ಟಿನ್ಯಾಗ ಹೆಂಗ ಇರ್ತದ? ಸೋಮವಾರ ನಿಂದು ಕೇಸ್ ಅದ ಏನು?" ಎಂದು ಕೇಳಿದ. ಅದ ಎಂದೆ. "ಹಂಗಾದ್ರ ಬರ್ತೀನಿ," ಎಂದ.

ಭಾನುವಾರ ಕೋಣೆಯ ಬಾಗಿಲು ಹಾಕಿಕೊಂಡು ನನ್ನ ವಾದವನ್ನು ದನಿ ಏರಿಸಿ ಓದಿ ನೋಡಿದೆ. ಅಡಿಗೆಮನೆಯಲ್ಲಿ ಕುಕ್ಕರು ಕೂಗಿದರೆ ನನಗೇ ನನ್ನ ಮಾತು ಕೇಳುತ್ತಿರಲಿಲ್ಲ. ಕೂಗುವ ಯತ್ನ ಬಿಟ್ಟು, ಕಾಗದಗಳನ್ನು ಸರಿಯಾಗಿ ಜೋಡಿಸಿಕೊಂಡೆ. ಇಷ್ಟು ವರ್ಷ ನಾನು ಗೆದ್ದದ್ದೆಲ್ಲ ಹಾಗೆಯೇ.

ಕೇಸು ದೊಡ್ಡದೇನಲ್ಲ. ಕೊಂಢವಾದಲ್ಲೇ ಒಂದು ಹಳೆಯ ಕಟ್ಟಡದ ಜನ ಓಡಾಡುವ ದಾರಿಗೆ ಪಕ್ಕದ ಬಿಲ್ಡರ್ ಗೋಡೆ ಎಬ್ಬಿಸುತ್ತಿದ್ದ. ಆ ಕೆಲಸ ನಿಲ್ಲಿಸಬೇಕೆಂದು ಕಟ್ಟಡದವರ ಪರವಾಗಿ ನಾನು ಕೇಳಿದ್ದೆ. ಬಿಲ್ಡರನ ಕಡೆಗೆ ಒಬ್ಬ ಎಳೆಯ ವಕೀಲೆ. ಅಪ್ಪ ಬಿಳಿ ಧೋತರ, ಟೊಪ್ಪಿಗೆ ಹಾಕಿಕೊಂಡು ಬಂದು, ಎಷ್ಟು ಹೇಳಿದರೂ ಕೇಳದೆ, ಕಡೆಯ ಬೆಂಚಿನಲ್ಲೇ ಕೂತ. ಅಲ್ಲಿಂದ ಕೇಳಿಸಿದರೆ ಮಾತ್ರ ಮಾತು ಎಂಬುದು ಅವನ ಹಟ.

ನಮ್ಮ ಸರದಿ ಬಂತು. ನಾನು ಎದ್ದು, ಬಿಲ್ಡರನೇ ಮಂಜೂರು ಮಾಡಿಸಿಕೊಂಡ ನಕ್ಷೆಯನ್ನು ಮುಂದಿಟ್ಟು, ಅದರಲ್ಲಿ ದಾರಿ ಇರುವ ಜಾಗಕ್ಕೆ ಬೆರಳಿಟ್ಟು, ನಾಲ್ಕು ಮಾತು ಹೇಳಿ ಕೂತೆ. ಎದುರಿನ ಹುಡುಗಿ ಎದ್ದಳು. ಅಬ್ಬಾ, ಕಂಚಿನ ದನಿ! ಮರಾಠಿ, ಇಂಗ್ಲಿಷು ಎರಡೂ ಮಳೆಗಾಲದ ಹೊಳೆಯ ಹಾಗೆ ಬಂದವು. ಕೈ ಎತ್ತಿದಳು, ಇಳಿಸಿದಳು, ಫ್ಯಾನಿನ ಸದ್ದನ್ನೂ ಮುಳುಗಿಸಿದಳು. ನಡುವೆ ನ್ಯಾಯಾಧೀಶರು ನಕ್ಷೆ ನೋಡುತ್ತಲೇ, ಇದು ನಿಮ್ಮ ಕಕ್ಷಿದಾರರದೇ ತಾನೇ ಎಂದು ಕೇಳಿದರು. ಹೌದು ಎಂದು ಹೇಳಿ ಅವಳು ಮತ್ತೆ ಹರಿದಳು. ಅವಳು ಹರಿಯುತ್ತಿರುವಾಗಲೇ ನ್ಯಾಯಾಧೀಶರು ಬೆರಳಚ್ಚಿನವರ ಕಡೆ ಬಾಗಿ ಮೆಲ್ಲಗೆ ಎರಡು ಸಾಲು ಹೇಳಿದರು. ಮುಂದಿನ ತಾರೀಖಿನವರೆಗೆ ಗೋಡೆಯ ಕೆಲಸ ನಿಲ್ಲಬೇಕು. ನಾನು ಕೇಳಿದ್ದು ಸಿಕ್ಕಿತು. ಅಪ್ಪನ ಮುಖ ನೋಡೋಣವೆಂದು ಹಿಂದಕ್ಕೆ ತಿರುಗಿದೆ. ಅಪ್ಪ ಎದ್ದು ನಿಂತಿದ್ದ. ಆದರೆ ಅವನ ಕಣ್ಣು ನನ್ನ ಮೇಲಿರಲಿಲ್ಲ.

ಹೊರಗಿನ ಪಡಸಾಲೆಯಲ್ಲಿ ಅವನು ನನ್ನನ್ನು ದಾಟಿ ಹೋಗಿ ಆ ಹುಡುಗಿಯ ಎದುರು ನಿಂತ. ಜೇಬಿನಿಂದ ನೋಟು ತೆಗೆದು, ತನ್ನ ಸೊಲ್ಲಾಪುರದ ಮರಾಠಿಯಲ್ಲಿ ಏನೋ ಹೇಳಿ, ಅವಳ ಫೈಲಿನ ದಾರಕ್ಕೆ ಸಿಕ್ಕಿಸಲು ಹೋದ. ನನ್ನ ಕಕ್ಷಿದಾರರು ಅಲ್ಲೇ ಗುಂಪಾಗಿ ನಿಂತಿದ್ದರು. ತಮ್ಮ ವಕೀಲೆಯ ಅಪ್ಪ ಎದುರು ವಕೀಲೆಗೆ ಎಲ್ಲರ ಕಣ್ಣೆದುರು ಹಣ ಕೊಡುತ್ತಿದ್ದಾನೆ! ಅವರ ಮುಖ ನೋಡುವಂತಿರಲಿಲ್ಲ. ಓಡಿಹೋಗಿ, ಇವರು ನಮ್ಮ ತಂದೆ, ಇದು ನಮ್ಮ ಕಡೆ ನಾಟಕದವರಿಗೆ ಮಾಡುವ ಮರ್ಯಾದೆ, ಬೇರೆ ಏನೂ ಇಲ್ಲ ಎಂದು ಎಲ್ಲರಿಗೂ ಬಿಡಿಸಿ ಹೇಳಿದೆ. ನನ್ನ ಹೊಟ್ಟೆಯನ್ನು ಉರಿಸುತ್ತಿದ್ದ ಆಯೇರಿಗೆ ನಾನೇ ವಕೀಲಿ ಮಾಡಬೇಕಾಯಿತು. ಹುಡುಗಿ ನಕ್ಕು, ಹಣ ಬೇಡ ಕಾಕಾ ಎಂದು ಬಗ್ಗಿ ಅಪ್ಪನ ಕಾಲು ಮುಟ್ಟಿದಳು. ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟ. ಹಣವಾದರೂ ತೆಗೆದುಕೊಳ್ಳಬಾರದಿತ್ತೇ ಎನಿಸಿತು ನನಗೆ.

ಕ್ಯಾಂಟೀನಿನಲ್ಲಿ ಅಪ್ಪ ಚಹಾ ಬಶಿಗೆ ಸುರಿದುಕೊಂಡ. "ಏನು ದನಿ, ಏನು ದನಿ! ಕಡೀ ಬೆಂಚಿಗೆ ಒಂದೊಂದು ಅಕ್ಷರ ಕೇಳಿಸ್ತು. ನೀ ಸೋತಿ ಅಂತ ಮನಸಿಗೆ ಹಚ್ಕೋಬ್ಯಾಡವಾ. ಅಂಥಾಕಿ ಎದುರಿಗೆ ಸೋತ್ರ ತಪ್ಪಿಲ್ಲ."

"ಅಪ್ಪಾ, ಗೆದ್ದಾಕಿ ನಾನು."

ಬಶಿ ತುಟಿಯ ಹತ್ತಿರ ನಿಂತಿತು. "ನೀನಾ? ಯಾವಾಗ?"

"ನೀ ಅಕೀನ್ನ ನೋಡಕೋತ ಕುಂತಿದ್ದೆಲ್ಲಾ, ಆವಾಗ."

ಅಪ್ಪ ಬಶಿಯ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿದ. ನಾನು ನಾಚಿಕೆ ಬಿಟ್ಟು ಅವನ ಜೇಬನ್ನೇ ನೋಡುತ್ತಾ ಕೂತೆ. ಕಡೆಗೆ ಅವನು, "ಮುಂದಿನ ತಾರೀಖು ಯಾವಾಗ?" ಎಂದು ಕೇಳಿದ. ಹೇಳಿದೆ. "ಬರ್ತೀನಿ," ಎಂದ. ನನ್ನ ಕಪ್ಪಿನ ಚಹಾವನ್ನೂ ಅವನ ಬಶಿಗೆ ಸುರಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಅವನು ಮೀಸೆ ಒರೆಸಿಕೊಂಡು, "ಅಕೀನೂ ಬರ್ತಾಳಲ್ಲಾ?" ಎಂದ.

"ಬರ್ತಾಳ! ಬರದಽ ಎಲ್ಲಿ ಹೋಗ್ತಾಳ?" ಎಂದೆ. ಸುತ್ತಲಿನ ಮೇಜಿನವರೆಲ್ಲ ಊಟ ಬಿಟ್ಟು ತಿರುಗಿದರು, ಗಲ್ಲೆಯ ಹತ್ತಿರ ದುಡ್ಡು ಎಣಿಸುತ್ತ ನಿಂತವನೂ ತಿರುಗಿದ.

ಅಪ್ಪ ಬಶಿ ಕೆಳಗಿಟ್ಟು ನನ್ನನ್ನೇ ನೋಡಿದ. "ಈಗ ಬಂತು ನೋಡು ದನಿ," ಎಂದ.