ಡಬ್ಬಿಯಲ್ಲಿ ಉಳಿದ ಕೂಗು

ಅರ್ಧ ಬೀದಿಗೆ ಅವಳ ಹೆಸರೇ ಗೊತ್ತಿಲ್ಲ. ಎಲ್ಲರ ಬಾಯಲ್ಲೂ ಅವಳು ಗುಜರಿ ಅಕ್ಕ. ಹೊಸ ಕಂಪ್ಯೂಟರ್ ಬಂದ ದಿನವೇ ಕಚೇರಿಗಳು ಹಳೆಯದನ್ನು ಮೆಟ್ಟಿಲ ಕೆಳಗೆ ತಳ್ಳುತ್ತವೆ. ಕೆಟ್ಟದ್ದನ್ನು ತಳ್ಳಿದರೆ ಸರಿ. ನಿನ್ನೆ ಸಂಜೆಯವರೆಗೆ ನೆಟ್ಟಗೆ ದುಡಿದದ್ದನ್ನು ಎಸೆದು, ಅದರ ಮೇಲಿನ ಗೋಡೆಗೇ ‘ಪರಿಸರ ಉಳಿಸಿ’ ಎಂದು ಬೋರ್ಡು ಹೊಡೆಯುವವರಿಗೆ ಏನನ್ನಬೇಕು? ಅವಳು ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ಮನೆಗೆ ತರುತ್ತಾಳೆ.

ತಂದದ್ದರಲ್ಲಿ ಹಾಡುಗಾರರಿಗೆ ಎಕೋ ಡಬ್ಬಿ ಮಾಡುತ್ತಾಳೆ. ಸಿ.ಡಿ. ಡ್ರೈವಿನ ತಗಡು ಅದರ ಮೈ, ಒಳಗೆ ತಂಪಿಗೆ ಒಂದು ಪುಟ್ಟ ಫ್ಯಾನು. ಕೀಬೋರ್ಡಿನ ಉದ್ದನೆಯ ಸ್ಪೇಸ್ ಕೀ ಕಾಲಲ್ಲಿ ಒತ್ತುವ ಸ್ವಿಚ್ಚು. ಮೈಕಿನಿಂದ ಬಂದ ದನಿಯನ್ನು ಹಳೆಯ ಮೆಮೊರಿ ಚಿಪ್ಪು ಒಂದು ಗಳಿಗೆ ಹಿಡಿದಿಟ್ಟು ವಾಪಸ್ಸು ಕೊಡುತ್ತದೆ. ಕೀ ಒತ್ತಿಬಿಟ್ಟರೆ ಹೊಸ ದನಿ ಒಳಗೆ ಹೋಗುವುದಿಲ್ಲ, ಹಿಡಿದ ತುಣುಕೇ ಗಾಣದೆತ್ತಿನ ಹಾಗೆ ಸುತ್ತುತ್ತಿರುತ್ತದೆ. ಕರೆಂಟು ಹೋಯಿತೋ, ಚಿಪ್ಪು ಎಲ್ಲ ಮರೆಯುತ್ತದೆ.

ಅವಳ ಗಂಡ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗುವವನು. ಕೂಗಿ ಕೂಗಿ, ಬಸ್ಸುಗಳ ಹೊಗೆ ಕುಡಿದು ಕುಡಿದು ಗಂಟಲಲ್ಲಿ ಗಂಟು ಎದ್ದಿತ್ತು. ಕೆಟ್ಟ ಗಂಟಲ್ಲ, ಆದರೆ ತೆಗೆದ ಮೇಲೆ ದನಿ ಉಳಿಯುತ್ತದೋ ಇಲ್ಲವೋ ಹೇಳಲಾಗದು ಎಂದರು ಡಾಕ್ಟರು. ನಿಲ್ದಾಣದ ಸಾಹೇಬರಂತೂ ನಿರಾಳವಾಗಿ, “ಯೋಚನೆ ಬಿಡಿ, ಹೇಗಿದ್ರೂ ಮಷೀನು ತರಿಸ್ತಾ ಇದ್ದೀವಿ” ಎಂದುಬಿಟ್ಟರು. ಅವರದೇ ನಿಲ್ದಾಣಕ್ಕೆ ಸವೆದ ಗಂಟಲಿಗೆ ಸಿಕ್ಕ ಸಮಾಧಾನ ಅಷ್ಟು.

“ರೀ, ಫೋನಲ್ಲಿ ಒಂದೆರಡು ಮಾತು ಹಿಡಿದಿಟ್ಕೊಳ್ಳಲಾ?” ಎಂದು ಅವಳು ಕೇಳಿದ್ದಳು.

“ನಾನೇನು ಹೋಗಿಬಿಟ್ನಾ? ರೆಕಾರ್ಡು ಗಿಕಾರ್ಡು ಅಂದ್ರೆ ನನ್ನಾಣೆ. ಮಾತು ಕೊಡು.”

ಕೊಟ್ಟಳು.

ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಹಾಡುಗಾರ್ತಿಯೊಬ್ಬಳ ಡಬ್ಬಿಯನ್ನು ಪರೀಕ್ಷಿಸುತ್ತಿದ್ದಾಗ ಅಡುಗೆಮನೆಯಿಂದ ಕೂಗು ಬಂತು: “ಏ, ಟೀ ಆರ್ತಾ ಇದೆ ಕಣೇ! ಇನ್ನೊಂದ್ಸಲ ಕೂಗಲ್ಲ!” ಮೈಕು ತೆರೆದೇ ಇತ್ತು, ಅವಳ ಕಾಲು ಕೀ ಮೇಲಿತ್ತು. ಬೇಕೆಂದೇ ಒತ್ತಿದಳೋ, ಕಾಲೇ ಒತ್ತಿತೋ, ಅವಳಿಗೂ ಗೊತ್ತಿಲ್ಲ. ಇನ್ನೊಂದು ಸಲ ಕೂಗುವುದಿಲ್ಲ ಎನ್ನುವುದನ್ನೇ ಡಬ್ಬಿ ಮತ್ತೆ ಮತ್ತೆ ಕೂಗತೊಡಗಿತು. ತಟ್ಟನೆ ಸ್ಪೀಕರಿನ ದನಿ ಇಳಿಸಿದಳು.

ಒಂದು ತಂತಿ ಸಿಕ್ಕಿಸಿದ್ದರೆ ಅದನ್ನು ಫೋನಿಗೆ ಇಳಿಸಬಹುದಿತ್ತು. ಆದರೆ ಅದು ರೆಕಾರ್ಡಾಗುತ್ತದೆ, ಆಣೆ ಮುರಿಯುತ್ತದೆ. ಡಬ್ಬಿ ರೆಕಾರ್ಡು ಮಾಡಿಲ್ಲ, ಇನ್ನೂ ಮರೆತಿಲ್ಲ ಅಷ್ಟೇ ಎಂದು ತನ್ನ ಮನಸ್ಸಿನ ಜೊತೆ ತಾನೇ ವಕೀಲಿ ಮಾಡಿದಳು. ಕರೆಂಟು ಕೈಕೊಡದಿರಲಿ ಎಂದು ಗುಜರಿಯಿಂದ, ಕರೆಂಟು ಹೋದರೆ ಕೂಗಿ ಎಚ್ಚರಿಸಿ ಬ್ಯಾಟರಿಯಲ್ಲಿ ನಡೆಸುವ ಒಂದು ಯು.ಪಿ.ಎಸ್. ಎಳೆದು ತಂದು ಕಟ್ಟಿದಳು. ಹಾಡುಗಾರ್ತಿ ಫೋನು ಮಾಡಿದರೆ, “ಇನ್ನೂ ಸ್ವಲ್ಪ ಕೆಲಸ ಇದೆ ಕಣಮ್ಮ” ಎಂದು ಸಾಗಹಾಕಿದಳು.

ಆಪರೇಷನ್ ಮುಗಿಸಿ ಗಂಡನನ್ನು ಕರೆತಂದ ದಿನ ಅವಳು ಮೊದಲು ಓಡಿದ್ದು ಕೆಲಸದ ಮೇಜಿನ ಹತ್ತಿರ. ಮೇಜು ಫಳಫಳ ಹೊಳೆಯುತ್ತಿತ್ತು. ಡಬ್ಬಿಯ ಫ್ಯಾನು ಸದ್ದಿಲ್ಲದೆ ನಿಂತಿತ್ತು.

ಮನೆ ನೋಡಿಕೊಳ್ಳಲು ಬಂದಿದ್ದ ನಾದಿನಿ ಬೀಗುತ್ತ ಹೇಳಿದಳು: “ಅದ್ಯಾವುದೋ ಫ್ಯಾನು ಸುಮ್ನೆ ತಿರುಗ್ತಾ ಇತ್ತು ಅತ್ತಿಗೆ. ಸ್ವಿಚ್ ಆರಿಸಿದ್ರೆ ಇನ್ನೊಂದು ಪೆಟ್ಟಿಗೆ ಕುಯ್ಯೋ ಅಂತ ಬಡ್ಕೊಂಡ್ತು. ಅದರ ಬಾಯೂ ಮುಚ್ಚಿಸಿದೆ.”

ಗುಜರಿ ಅಕ್ಕ ಕುರ್ಚಿಯ ಮೇಲೆ ಕುಸಿದಳು. ವಿಷಯ ತಿಳಿದ ನಾದಿನಿಯ ಮುಖ ಸುಣ್ಣವಾಯಿತು. “ಒಂದು ಚೀಟಿ ಅಂಟಿಸಬಾರದಿತ್ತಾ?”

“ಅಂಟಿಸಿದ್ರೆ ನಿಮ್ಮಣ್ಣ ಓದ್ತಿದ್ರು ಕಣೇ.”

ಬಯ್ಯಬೇಕೆಂದರೆ ಯಾರನ್ನು ಬಯ್ಯುವುದು? ಅಣ್ಣನ ಮನೆಯ ಕರೆಂಟು ಉಳಿಸಿದ್ದೂ ತಪ್ಪೇ?

ಡಾಕ್ಟರು ಗಂಡನ ಬಾಯಿಗೆ ಬೀಗ ಹಾಕಿದ್ದರು. ಪಿಸುಗುಟ್ಟುವುದೂ ಕೂಡದು. ಟೀ ಆದರೆ ಅವನು ಲೋಟಕ್ಕೆ ಚಮಚ ಬಡಿಯುತ್ತಿದ್ದ, ಟಿಣ್ ಟಿಣ್ ಎಂದು. ಆ ಸದ್ದು ಕೇಳಿದಾಗಲೆಲ್ಲ ಅವಳು ಕೈಯ ಕೆಲಸ ಬಿಟ್ಟು ಅಡುಗೆಮನೆಯತ್ತ ನೋಡುತ್ತಿದ್ದಳು. ಇನ್ನು ಉಳಿಯುವುದು ಇದೇ ಆದರೆ? ಸಾಲದ್ದಕ್ಕೆ ಅವನು ಚಮಚದಲ್ಲೇ ಜಗಳವನ್ನೂ ಆಡಲು ಕಲಿತುಬಿಟ್ಟಿದ್ದ.

ಬೀಗ ತೆಗೆಯಬಹುದು ಎಂದು ಡಾಕ್ಟರು ಹೇಳಿದ್ದ ಬೆಳಿಗ್ಗೆ ಅವಳು ಬೇಕೆಂದೇ ಬೆಸುಗೆಗೆ ಕೂತಳು. ಅಡುಗೆಮನೆಯಲ್ಲಿ ನೀರು ಕುದಿಯಿತು. ಲೋಟ ಇಟ್ಟ ಸದ್ದು. ಚಮಚ ಬಡಿಯಲಿಲ್ಲ. ಅವಳು ಬೆಸುಗೆ ಕಡ್ಡಿಯನ್ನು ಕೆಳಗಿಟ್ಟಳು.

“ಏ...” ಎಂದಿತು ಒಂದು ದನಿ. ಕೆಮ್ಮಿತು. “ಟೀ ಆರ್ತಾ ಇದೆ ಕಣೇ.”

ಕಾಗದ ಹರಿದ ಸ್ಪೀಕರಿನಂತೆ ಅಂಚಿನಲ್ಲಿ ಗರಗರ ಎನ್ನುತ್ತಿತ್ತು. ಆದರೆ ಕೊನೆಯಲ್ಲಿ ಮೇಲಕ್ಕೆ ಎಳೆಯುವ ಆ ಎಳೆತ ಅವನದೇ. ಅವಳು ಇನ್ನೊಂದು ಕೂಗಿಗಾಗಿ ತುಟಿ ಕಚ್ಚಿಕೊಂಡು ಕಾದಳು.

“ಕಿವಿ ಗುಜರಿಗೆ ಹಾಕಿದ್ದೀಯಾ? ಇನ್ನೊಂದ್ಸಲ ಕೂಗಲ್ಲ!”

ಆಗ ಅವಳು ನಕ್ಕಳು, ನಗುತ್ತಲೇ ಅತ್ತಳು. ಅಡುಗೆಮನೆಗೆ ಹೋಗಿ ಡಬ್ಬಿಯ ಕಥೆಯನ್ನೆಲ್ಲ ಒಪ್ಪಿಸಿದಳು.

“ಅದರಲ್ಲಿ ನಾನು ಏನಂತಿದ್ದೆ?” ಎಂದು ಅವನು ಕೇಳಿದ.

“ಈಗ ಅಂದ್ರಲ್ಲ, ಅದೇ.”

“ಥೂ! ಹಿಡಿದಿದ್ದೇ ಹಿಡಿದೆ, ಒಂದು ಒಳ್ಳೆ ಮಾತಾದ್ರೂ ಹಿಡಿಯಬಾರದಿತ್ತಾ?”

“ಒಳ್ಳೆ ಮಾತು ನೀವು ಆಡಿದ್ದು ಯಾವಾಗ?”

ನಿಲ್ದಾಣದಲ್ಲಿ ಈಗ ಮಷೀನು ಕೂಗುತ್ತದೆ. ಸಾಹೇಬರು ಅವನನ್ನು ವಿಚಾರಣೆ ಕಿಟಕಿಯಲ್ಲಿ ಕೂರಿಸಿದ್ದಾರೆ. ಮಷೀನು ಹೇಳಿದ್ದು ಅರ್ಥವಾಗದ ಮುದುಕಿಯರೆಲ್ಲ ಆ ಕಿಟಕಿಗೇ ಬರುತ್ತಾರೆ, ಆ ಗರಗರ ದನಿ ಅವರಿಗೆ ಬಸ್ಸು ತೋರಿಸುತ್ತದೆ. ಮಷೀನಿನ ಮೇಲೆ ಅವನಿಗೆ ಸಿಟ್ಟು ಇದ್ದೇ ಇದೆ, ಅದು ಆರುವ ಸಿಟ್ಟಲ್ಲ.

ಅವನ ದನಿ ಮರಳಿದ ಆ ಬೆಳಿಗ್ಗೆಯೇ ಗುಜರಿ ಅಕ್ಕ ಆರಿದ ಟೀಯನ್ನೇ ಕುಡಿದು ಹಾಡುಗಾರ್ತಿಗೆ ಫೋನು ಮಾಡಿದಳು.

“ಬಂದು ಡಬ್ಬಿ ತಗೊಂಡು ಹೋಗಮ್ಮ.”

“ಆ ಸ್ವಲ್ಪ ಕೆಲಸ ಮುಗೀತಾ ಅಕ್ಕಾ?”

“ಮುಗೀತು” ಎಂದಳು. ಒಳಗಿನಿಂದ ಗಂಡ ಮತ್ತೆ ಕೂಗುತ್ತಿದ್ದ.